ಕರ್ನಲ್ ಹಿಡಿಯುವ ದಾರಿಯನ್ನು ಕಣ್ಣಾರೆ ಕಾಣುವುದು: 'ಐಪಿ ರೂಟ್' ಕಮಾಂಡಿನ ವಿಮರ್ಶೆ

ಲಿನಕ್ಸ್ ಯಂತ್ರದ ರೂಟಿಂಗ್ ಟೇಬಲ್ಲುಗಳನ್ನು, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಗಳನ್ನು, ಕಮಾಂಡ್ ಲೈನಿನಲ್ಲಿ ಕೈಯಾರೆ ನಿರ್ವಹಿಸಲು ಇಂದು ಬಳಕೆಯಲ್ಲಿರುವ ಮುಖ್ಯ ಸಾಧನವೆಂದರೆ ಐಪಿರೂಟ್2 ಪ್ಯಾಕೇಜಿನ 'ಐಪಿ' ಕಮಾಂಡ್. ಅದಕ್ಕೆ ಹಲವಾರು ಉಪಕಮಾಂಡುಗಳಿವೆಯಾದರೂ ಈ ವಿಮರ್ಶೆ 'ಐಪಿ ರೂಟ್' ಮತ್ತು 'ಐಪಿ ರೂಲ್' ಎಂಬ ಎರಡಕ್ಕೆ ಮಾತ್ರ ಸೀಮಿತವಾಗಿದೆ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಒಂದು ಪ್ಯಾಕೆಟ್ಟನ್ನು, ಅಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕನ್ನು, ವ್ಯವಸ್ಥೆಯ ತಿರುಳಾದ ಕರ್ನಲ್ ಯಾವ ದಾರಿಯಲ್ಲಿ ಕಳುಹಿಸಲಿದೆ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸುವ ಇನ್ನೊಂದು ಸಾಧನವನ್ನು ನಾನು ಬಳಸಿಲ್ಲ. ಆದರೆ ಕೊಟ್ಟ ಆಜ್ಞೆಯನ್ನು ನೆನಪಿಟ್ಟುಕೊಳ್ಳುವ ಹೊಣೆಯನ್ನಾಗಲೀ, ಅಪಾಯದ ಅಂಚಿನಲ್ಲಿರುವವರನ್ನು ತಡೆದು ನಿಲ್ಲಿಸುವ ಹೊಣೆಯನ್ನಾಗಲೀ ಅದು ಹೊತ್ತುಕೊಳ್ಳುವುದಿಲ್ಲ.

ಇದಕ್ಕಿಂತ ಮೊದಲು ಎಲ್ಲರೂ ಬಳಸುತ್ತಿದ್ದದ್ದು ನೆಟ್-ಟೂಲ್ಸ್ ಪ್ಯಾಕೇಜಿನ 'ರೂಟ್' ಕಮಾಂಡನ್ನು. 1999ರಲ್ಲಿ ಬಂದ ಲಿನಕ್ಸ್ 2.2 ಕರ್ನಲ್ಲಿನ ಹೊಸ ನೆಟ್‌ವರ್ಕಿಂಗ್ ವ್ಯವಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ರೂಟಿಂಗ್ ಟೇಬಲ್ಲುಗಳಿಗೂ ಅವುಗಳಲ್ಲಿ ಯಾವುದನ್ನು ನೋಡಬೇಕೆಂದು ನಿರ್ಧರಿಸುವ ನಿಯಮಗಳಿಗೂ ಜಾಗ ದೊರೆಯಿತು. ಅಲೆಕ್ಸಿ ಕುಜ್ನೆತ್ಸೊವ್ ಬರೆದ ಐಪಿರೂಟ್2 ಈ ವ್ಯವಸ್ಥೆಯೊಂದಿಗೆ ನೆಟ್‌ಲಿಂಕ್ ಎಂಬ ಮಾರ್ಗದಲ್ಲಿ ನೇರವಾಗಿ ಮಾತನಾಡುತ್ತದೆ. ಹಳೆಯ 'ರೂಟ್' ಕಮಾಂಡ್ ಮುಖ್ಯ ಟೇಬಲ್ಲನ್ನು ಬಿಟ್ಟು ಬೇರೇನನ್ನೂ ಕಾಣಲಾರದು; ಜೊತೆಗೆ 'ಎನ್' ಆಯ್ಕೆಯನ್ನು ಕೊಡದಿದ್ದರೆ ಪ್ರತಿ ವಿಳಾಸಕ್ಕೂ ಹೆಸರು ಹುಡುಕಲು ಡಿಎನ್ಎಸ್ ಕದವನ್ನು ತಟ್ಟುವುದರಿಂದ, ನೆಟ್‌ವರ್ಕ್ ಕೆಟ್ಟಿರುವ ಹೊತ್ತಿನಲ್ಲಿಯೇ ಉತ್ತರ ಕೊಡದೆ ತಡೆದು ನಿಲ್ಲುತ್ತದೆ. 2017ರ ಡೆಬಿಯನ್ 9ರಿಂದ ಹೊಸ ಇನ್‌ಸ್ಟಾಲೇಷನ್ನುಗಳಲ್ಲಿ ನೆಟ್-ಟೂಲ್ಸ್ ತಾನಾಗಿಯೇ ಬರುತ್ತಿಲ್ಲ. ಹಳೆಯದರ ಅಭ್ಯಾಸವಿರುವವರು ಅದನ್ನು ಬಿಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಅದು ತೋರಿಸುವ ಚಿತ್ರ ಇಂದಿನ ಯಂತ್ರಗಳಲ್ಲಿ ಅನೇಕ ವೇಳೆ ಅಪೂರ್ಣವಾಗಿರುತ್ತದೆ.

ಹೊಸ ಕಮಾಂಡಿನ ಉತ್ತರವನ್ನು ಓದಲು ಕಲಿಯುವುದೇ ಅರ್ಧ ಕೆಲಸ. 'ಐಪಿ ರೂಟ್ ಶೋ' ಎಂದು ಕೇಳಿದಾಗ 'ಡೀಫಾಲ್ಟ್ ವಯಾ 192.0.2.1 ಡೆವ್ ಈಥ್0 ಪ್ರೋಟೋ ಡಿಎಚ್‌ಸಿಪಿ ಎಸ್ಆರ್‌ಸಿ 192.0.2.40 ಮೆಟ್ರಿಕ್ 100' ಎಂಬಂಥ ಸಾಲೊಂದು ಬರುತ್ತದೆ ಎಂದುಕೊಳ್ಳೋಣ. ಬೇರೆ ಯಾವ ದಾರಿಯೂ ಹೊಂದದ ಪ್ಯಾಕೆಟ್ಟುಗಳು ಈಥ್0 ಎಂಬ ಇಂಟರ್ಫೇಸಿನ (ಯಂತ್ರವನ್ನು ಜಾಲಕ್ಕೆ ಜೋಡಿಸುವ ಬಿಂದುವಿನ) ಮೂಲಕ 192.0.2.1 ಎಂಬ ಗೇಟ್‌ವೇಗೆ, ಅಂದರೆ ಹೊರಜಾಲಕ್ಕೆ ದಾಟಿಸುವ ಯಂತ್ರಕ್ಕೆ, ಹೋಗುತ್ತವೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಉಳಿದ ಮೂರು ಮಾತುಗಳನ್ನು ಬಹಳ ಮಂದಿ ದಾಟಿಕೊಂಡು ಹೋಗುತ್ತಾರೆ. ಈ ಮಾರ್ಗವನ್ನು ಯಾರು ಬರೆದರು ಎಂಬುದನ್ನು 'ಪ್ರೋಟೋ' ಹೇಳುತ್ತದೆ: ಇಂಟರ್ಫೇಸಿಗೆ ವಿಳಾಸ ಕೊಟ್ಟಾಗ ತಾನಾಗಿ ಹುಟ್ಟಿದ ಮಾರ್ಗಕ್ಕೆ 'ಕರ್ನಲ್' ಎಂದಿರುತ್ತದೆ, ಜಾಲದಿಂದ ವಿಳಾಸವನ್ನು ತಾನಾಗಿ ಪಡೆಯುವ ಡಿಎಚ್‌ಸಿಪಿ ಕ್ಲೈಂಟ್ ಬರೆದದ್ದಕ್ಕೆ ಸಾಮಾನ್ಯವಾಗಿ 'ಡಿಎಚ್‌ಸಿಪಿ' ಎಂದಿರುತ್ತದೆ. ನಾವು ಕೈಯಾರೆ ಸೇರಿಸಿ ಏನನ್ನೂ ಹೇಳದಿದ್ದರೆ ಅದು 'ಬೂಟ್' ಎಂದು ದಾಖಲಾಗುತ್ತದೆ, ಸಾಲಿನಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ. ಆದ್ದರಿಂದ ಕೈಯಾರೆ ಸೇರಿಸುವಾಗಲೆಲ್ಲ 'ಪ್ರೋಟೋ ಸ್ಟ್ಯಾಟಿಕ್' ಎಂದು ಬರೆಯುವ ರೂಢಿಯನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಮುಂದೊಮ್ಮೆ ಆ ಟೇಬಲ್ಲನ್ನು ತೆರೆದು ನೋಡುವ ಸಹೋದ್ಯೋಗಿಗೆ ಯಾವುದು ಯಂತ್ರದ್ದು, ಯಾವುದು ಮನುಷ್ಯರು ಬೇಕೆಂದೇ ಇಟ್ಟದ್ದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಈ ಯಂತ್ರದಿಂದ ಹೊರಡುವ ಪ್ಯಾಕೆಟ್ಟಿಗೆ ಯಾವ ವಿಳಾಸವನ್ನು ಮೂಲವಿಳಾಸವಾಗಿ ಹಾಕಬೇಕು ಎಂಬುದನ್ನು 'ಎಸ್ಆರ್‌ಸಿ' ಹೇಳಿದರೆ, ಒಂದೇ ಗುರಿಗೆ ಎರಡು ದಾರಿಗಳಿರುವಾಗ ಯಾವುದಕ್ಕೆ ಮೊದಲ ಮಣೆ ಎಂಬುದನ್ನು 'ಮೆಟ್ರಿಕ್' ಹೇಳುತ್ತದೆ, ಮತ್ತು ಅಲ್ಲಿ ಚಿಕ್ಕ ಸಂಖ್ಯೆಯೇ ಗೆಲ್ಲುತ್ತದೆ.

ಈ ಮೆಟ್ರಿಕ್ ವಿಷಯದಲ್ಲಿ ಸಾಧನದ ನಡವಳಿಕೆಯನ್ನು ಚೆನ್ನಾಗಿ ಅರಿತಿರಬೇಕು. ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ತಂತಿಯ ಸಂಪರ್ಕಕ್ಕೆ 100, ವೈಫೈಗೆ 600 ಎಂಬ ಮೆಟ್ರಿಕ್ಕುಗಳನ್ನು ತಾನಾಗಿ ಕೊಡುತ್ತದೆ. ಆದರೆ ಐಪಿವಿ4ರಲ್ಲಿ ನಾವು ಮೆಟ್ರಿಕ್ ಹೇಳದೆ ಡೀಫಾಲ್ಟ್ ಮಾರ್ಗವೊಂದನ್ನು ಸೇರಿಸಿದರೆ ಅದರ ಮೆಟ್ರಿಕ್ ಸೊನ್ನೆಯಾಗಿ ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ. ಹಾಗೆಯೇ 'ರಿಪ್ಲೇಸ್' ಎಂಬ ಕ್ರಿಯೆ ಇದ್ದದ್ದನ್ನು ಬದಲಿಸುತ್ತದೆ, ಇಲ್ಲದಿದ್ದರೆ ಹೊಸದಾಗಿ ಸೇರಿಸುತ್ತದೆ ಎಂಬುದು ನಿಜವಾದರೂ, ಮಾರ್ಗದ ಗುರುತಿನಲ್ಲಿ ಮೆಟ್ರಿಕ್ ಕೂಡ ಸೇರಿರುವುದರಿಂದ ಬೇರೆ ಮೆಟ್ರಿಕ್ ಕೊಟ್ಟು 'ರಿಪ್ಲೇಸ್' ಮಾಡಿದರೆ ಹಳೆಯದು ಹಾಗೆಯೇ ಉಳಿದು ಅದರ ಪಕ್ಕದಲ್ಲಿ ಹೊಸದೊಂದು ಬಂದು ಕೂರುತ್ತದೆ. ಎರಡು ಡೀಫಾಲ್ಟ್ ಮಾರ್ಗಗಳಿರುವಾಗ ಗೇಟ್‌ವೇಯನ್ನಾಗಲೀ ಮೆಟ್ರಿಕ್ಕನ್ನಾಗಲೀ ಹೇಳದೆ 'ಐಪಿ ರೂಟ್ ಡೆಲ್ ಡೀಫಾಲ್ಟ್' ಎಂದರೆ ಅತಿ ಕಡಿಮೆ ಮೆಟ್ರಿಕ್ಕಿನದು, ಅಂದರೆ ಆ ಗಳಿಗೆಯಲ್ಲಿ ಕೆಲಸ ಮಾಡುತ್ತಿರುವ ಮಾರ್ಗವೇ, ಮರುಪ್ರಶ್ನೆಯಿಲ್ಲದೆ ಅಳಿಸಿಹೋಗುತ್ತದೆ. ಅಳಿಸುವಾಗ ಗುರಿ, ಗೇಟ್‌ವೇ, ಇಂಟರ್ಫೇಸ್, ಮೆಟ್ರಿಕ್ ಇವೆಲ್ಲವನ್ನೂ ಪೂರ್ತಿಯಾಗಿ ಬರೆಯುವುದರಲ್ಲಿ ಕಷ್ಟವೇನೂ ಇಲ್ಲ.

ಇಡೀ ಪ್ಯಾಕೇಜಿನಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸುವುದು 'ಐಪಿ ರೂಟ್ ಗೆಟ್'. ಟೇಬಲ್ಲನ್ನು ಕಣ್ಣಿನಿಂದ ಓದಿ, ಗುರಿಯ ವಿಳಾಸಕ್ಕೆ ಹೊಂದುವ ಅತಿ ಉದ್ದದ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಯಾವ ಮಾರ್ಗದ್ದು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುವ ಬದಲು 'ಐಪಿ ರೂಟ್ ಗೆಟ್ 203.0.113.9' ಎಂದು ಕೇಳಿದರೆ, ಕರ್ನಲ್ ತಾನೇ ಆ ಹುಡುಕಾಟವನ್ನು ನಡೆಸಿ, ನಿಯಮಗಳನ್ನೆಲ್ಲ ದಾಟಿ ಬಂದ ಮೇಲಿನ ಅಂತಿಮ ಉತ್ತರವನ್ನು, ಗೇಟ್‌ವೇ, ಇಂಟರ್ಫೇಸ್ ಮತ್ತು ಮೂಲವಿಳಾಸದ ಸಮೇತ, ಒಂದು ಸಾಲಿನಲ್ಲಿ ಕೊಡುತ್ತದೆ. 'ಫ್ರಮ್' ಸೇರಿಸಿ ಬೇರೊಂದು ಮೂಲವಿಳಾಸದಿಂದ ಹೊರಟರೆ ಏನಾಗುತ್ತದೆ ಎಂದು ಕೇಳಬಹುದು. 'ಮಾರ್ಕ್' ಸೇರಿಸಿ ಫೈರ್‌ವಾಲ್ ಗುರುತು ಹಾಕಿದ ಪ್ಯಾಕೆಟ್ಟಿನ ಗತಿಯನ್ನು ಕೇಳಬಹುದು. 'ಐಐಎಫ್' ಸೇರಿಸಿ ಹೊರಗಿನಿಂದ ಒಂದು ಇಂಟರ್ಫೇಸಿಗೆ ಬಂದಿಳಿದ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬಹುದು. ಈ ಕೊನೆಯ ಪ್ರಶ್ನೆಗೆ ಕೆಲವೊಮ್ಮೆ 'ಇನ್‌ವ್ಯಾಲಿಡ್ ಕ್ರಾಸ್-ಡಿವೈಸ್ ಲಿಂಕ್' ಎಂಬ ವಿಚಿತ್ರ ಉತ್ತರ ಬರುತ್ತದೆ. ರೂಟಿಂಗಿಗೂ ಈ ಮಾತಿಗೂ ಸಂಬಂಧವೇ ಇಲ್ಲವೆಂದು ತೋರಿದರೂ, ಮೂಲವಿಳಾಸವನ್ನು ತಪಾಸಣೆ ಮಾಡುವ ಕರ್ನಲ್ಲಿನ ಆರ್‌ಪಿ ಫಿಲ್ಟರ್ ಆ ಪ್ಯಾಕೆಟ್ಟನ್ನು ಎಸೆಯುತ್ತಿದೆ, ಅಂದರೆ ಅದರ ಮೂಲವಿಳಾಸಕ್ಕೆ ಮರಳುವ ದಾರಿ ಬಂದ ಇಂಟರ್ಫೇಸಿನಲ್ಲಿ ಇಲ್ಲ, ಎಂಬುದೇ ಸಾಮಾನ್ಯವಾಗಿ ಇದರ ಅರ್ಥ. ಇದನ್ನು ಬಲ್ಲವರಿಗೆ ದಿನಗಟ್ಟಲೆಯ ಹುಡುಕಾಟ ಉಳಿಯುತ್ತದೆ. ದುರಸ್ತಿಗೆ ಇಳಿಯುವ ಮುನ್ನ ಕರ್ನಲ್ ಏನು ಮಾಡಲಿದೆ ಎಂದು ಅದನ್ನೇ ಕೇಳಿ ತಿಳಿಯುವ ಈ ಅವಕಾಶವೊಂದೇ ಕಮಾಂಡ್ ಲೈನನ್ನು ಕಲಿಯಲು ಸಾಕಾದ ಕಾರಣ ಎಂದು ನಾನು ನಂಬಿದ್ದೇನೆ.

ಎರಡನೆಯ ದೊಡ್ಡ ಶಕ್ತಿ 'ಐಪಿ ರೂಲ್'. ಸಾಮಾನ್ಯ ಯಂತ್ರದಲ್ಲಿ ಐಪಿವಿ4ಕ್ಕೆ ಮೂರು ನಿಯಮಗಳಿರುತ್ತವೆ: 0ನೆಯ ಸ್ಥಾನದಲ್ಲಿ 'ಲೋಕಲ್', 32766ರಲ್ಲಿ 'ಮೇನ್', 32767ರಲ್ಲಿ 'ಡೀಫಾಲ್ಟ್' ಎಂಬ ಟೇಬಲ್ಲುಗಳಿಗೆ ಕಳುಹಿಸುವ ನಿಯಮಗಳು. ಈ ನಡುವಿನ ವಿಶಾಲವಾದ ಜಾಗದಲ್ಲಿ ನಮ್ಮ ನಿಯಮಗಳನ್ನು ಇಡಬಹುದು. ಎರಡು ಬೇರೆ ಬೇರೆ ಸಂಪರ್ಕಗಳಿರುವ ಸರ್ವರನ್ನು ನೋಡಿ. ಎರಡನೆಯ ಸಂಪರ್ಕದ 198.51.100.10 ಎಂಬ ವಿಳಾಸಕ್ಕೆ ಹೊರಗಿನಿಂದ ಕೋರಿಕೆ ಬರುತ್ತದೆ. ಉತ್ತರ ಮಾತ್ರ ಮುಖ್ಯ ಟೇಬಲ್ಲಿನ ಡೀಫಾಲ್ಟ್ ಮಾರ್ಗವನ್ನು ಹಿಡಿದು ಮೊದಲ ಸಂಪರ್ಕದಿಂದ ಹೊರಡುತ್ತದೆ. ತಮ್ಮದಲ್ಲದ ಮೂಲವಿಳಾಸ ಹೊತ್ತು ಬಂದ ಪ್ಯಾಕೆಟ್ಟುಗಳನ್ನು ಸೇವಾದಾರರು ತಡೆಯಬೇಕೆಂದು 2000ದ ಆರ್‌ಎಫ್‌ಸಿ 2827 ಎಂಬ ಅಂತರ್ಜಾಲ ಮಾರ್ಗಸೂಚಿ ಸಲಹೆ ಮಾಡಿದೆ, ಅದನ್ನು ಪಾಲಿಸುವ ಜಾಲದಲ್ಲಿ ಆ ಉತ್ತರ ಅಲ್ಲಿಗೇ ಸಾಯುತ್ತದೆ. ಪರಿಹಾರ ಎರಡೇ ಸಾಲು: 'ಐಪಿ ರೂಟ್ ಆಡ್ ಡೀಫಾಲ್ಟ್ ವಯಾ 198.51.100.1 ಡೆವ್ ಈಥ್1 ಟೇಬಲ್ 100' ಎಂಬುದು ಒಂದು, 'ಐಪಿ ರೂಲ್ ಆಡ್ ಫ್ರಮ್ 198.51.100.10 ಟೇಬಲ್ 100' ಎಂಬುದು ಇನ್ನೊಂದು. ಇಷ್ಟಾದ ಮೇಲೆ ಆ ವಿಳಾಸದಿಂದ ಹೊರಡುವುದೆಲ್ಲ ತನ್ನ ಗೇಟ್‌ವೇಯಿಂದಲೇ ಹೋಗುತ್ತದೆ. ಇಷ್ಟು ದೊಡ್ಡ ತೊಡಕನ್ನು ಇಷ್ಟು ಕಡಿಮೆ ಮಾತಿನಲ್ಲಿ ಬಿಡಿಸುವ ಸೊಗಸು ನನಗೆ ಬಹಳ ಮೆಚ್ಚುಗೆಯಾಗಿದೆ.

ಆದರೆ ಇದೇ ಶಕ್ತಿ ಹೊಸಬರನ್ನು ದಾರಿ ತಪ್ಪಿಸುತ್ತದೆ, ಮತ್ತು ಇಲ್ಲಿ ಸಾಧನದ ವಿನ್ಯಾಸವನ್ನು ನಾನು ಒಪ್ಪಲಾರೆ. 'ಐಪಿ ರೂಟ್ ಶೋ' ತೋರಿಸುವುದು ಮುಖ್ಯ ಟೇಬಲ್ಲನ್ನು ಮಾತ್ರ. ಬೇರೆ ಟೇಬಲ್ಲುಗಳಿವೆ ಎಂಬ ಸುಳಿವನ್ನೂ ಅದು ಕೊಡುವುದಿಲ್ಲ. ಗುಪ್ತ ಸುರಂಗ ಕಟ್ಟುವ ವಿಪಿಎನ್ ತಂತ್ರಾಂಶವಾದ ವೈರ್‌ಗಾರ್ಡ್‌ನ 'ಡಬ್ಲ್ಯೂಜಿ-ಕ್ವಿಕ್' ಸ್ಕ್ರಿಪ್ಟಿಗೆ ಎಲ್ಲ ಸಂಚಾರವನ್ನೂ ಸುರಂಗಕ್ಕೆ ಕಳುಹಿಸಲು ಹೇಳಿದರೆ, ಅದು ಸಾಮಾನ್ಯವಾಗಿ 51820 ಎಂಬ ಪ್ರತ್ಯೇಕ ಟೇಬಲ್ಲಿನಲ್ಲಿ ಡೀಫಾಲ್ಟ್ ಮಾರ್ಗವನ್ನಿಟ್ಟು ನಿಯಮಗಳ ಮೂಲಕ ಸಂಚಾರವನ್ನು ಅತ್ತ ತಿರುಗಿಸುತ್ತದೆ. ಮುಖ್ಯ ಟೇಬಲ್ಲಿನಲ್ಲಿ ಹಳೆಯ ಡೀಫಾಲ್ಟ್ ಮಾರ್ಗ ಇದ್ದ ಹಾಗೆಯೇ ಇರುತ್ತದೆ, ಪ್ಯಾಕೆಟ್ಟುಗಳು ಮಾತ್ರ ಅಲ್ಲಿ ಹೋಗುವುದಿಲ್ಲ. ಓಪನ್‌ವಿಪಿಎನ್‌ನ 'ಡೆಫ್1' ಆಯ್ಕೆಯ ಉಪಾಯ ಬೇರೆ ಬಗೆಯದು: 0.0.0.0/1 ಮತ್ತು 128.0.0.0/1 ಎಂಬ ಎರಡು ಮಾರ್ಗಗಳನ್ನು ಸೇರಿಸಿ, ಉದ್ದದ ಪ್ರಿಫಿಕ್ಸ್ ಗೆಲ್ಲುತ್ತದೆ ಎಂಬ ನಿಯಮದ ಬಲದಿಂದಲೇ, ಡೀಫಾಲ್ಟನ್ನು ಮುಟ್ಟದೆ ಅದನ್ನು ಮೀರುತ್ತದೆ. ಇದು ಮುಖ್ಯ ಟೇಬಲ್ಲಿನಲ್ಲಿಯೇ ಕಾಣುತ್ತದೆ, ಹಿಂದಿನದು ಕಾಣುವುದಿಲ್ಲ. ಆದ್ದರಿಂದ ಯಾವ ಯಂತ್ರವನ್ನು ಪರಿಶೀಲಿಸುವಾಗಲೂ 'ಐಪಿ ರೂಲ್ ಶೋ' ಮೊದಲು, 'ಐಪಿ ರೂಟ್ ಶೋ ಟೇಬಲ್ ಆಲ್' ಆಮೇಲೆ ಎಂಬ ಕ್ರಮವನ್ನು ಅನುಸರಿಸುವುದು ಉತ್ತಮ.

ದೋಷ ಸಂದೇಶಗಳ ವಿಷಯದಲ್ಲಿ ಸುಧಾರಣೆ ಆಗಿದೆ, ಆದರೆ ಸಾಲದು. ನೇರ ಸಂಪರ್ಕವಿಲ್ಲದ ಗೇಟ್‌ವೇಯನ್ನು ಕೊಟ್ಟರೆ ಹಿಂದೆ 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಎಂದಷ್ಟೇ ಹೇಳುತ್ತಿತ್ತು. ಹೊಸ ಆವೃತ್ತಿಗಳು 'ನೆಕ್ಸ್ಟ್‌ಹಾಪ್ ಹ್ಯಾಸ್ ಇನ್‌ವ್ಯಾಲಿಡ್ ಗೇಟ್‌ವೇ' ಎಂದು ಬೆರಳಿಟ್ಟು ತೋರಿಸುತ್ತವೆ. ಅದೇ ಗುರಿ, ಅದೇ ಮೆಟ್ರಿಕ್ ಇರುವ ಮಾರ್ಗ ಮೊದಲೇ ಇದ್ದರೆ ಮಾತ್ರ ಇಂದಿಗೂ 'ಫೈಲ್ ಎಕ್ಸಿಸ್ಟ್ಸ್' ಎಂಬ ಉತ್ತರವೇ ಗತಿ, ಯಾವ ಫೈಲೂ ಅಲ್ಲಿ ಇಲ್ಲದಿದ್ದರೂ.

ಇನ್ನು ಶಾಶ್ವತತೆಯ ಪ್ರಶ್ನೆ. ಈ ಕಮಾಂಡಿನಿಂದ ಬರೆದದ್ದೆಲ್ಲ ಚಾಲನೆಯಲ್ಲಿರುವ ಕರ್ನಲ್ಲಿನಲ್ಲಿ ಮಾತ್ರ ಇರುತ್ತದೆ, ರೀಬೂಟ್ ಆದೊಡನೆ ಹೋಗುತ್ತದೆ. ಅಷ್ಟೇ ಅಲ್ಲ, ಇಂಟರ್ಫೇಸನ್ನು 'ಡೌನ್' ಮಾಡಿ ಮತ್ತೆ 'ಅಪ್' ಮಾಡಿದರೆ ಕರ್ನಲ್ ತಾನು ಸೃಷ್ಟಿಸಿದ ಐಪಿವಿ4 ಮಾರ್ಗವನ್ನು ಮರಳಿ ತರುತ್ತದೆ, ನಾವು ಅದರ ಮೇಲೆ ಸೇರಿಸಿದ್ದವು ಬರುವುದಿಲ್ಲ. ಕೇಬಲ್ ಕಳಚಿದಾಗ ಮಾತ್ರ ಸ್ಥಿತಿ ಬೇರೆ: ಮಾರ್ಗ ಅಲ್ಲಿಯೇ ಇದ್ದು 'ಲಿಂಕ್‌ಡೌನ್' ಎಂಬ ಗುರುತು ಪಡೆಯುತ್ತದೆ. ಉಳಿಯಬೇಕಾದ ಮಾರ್ಗಗಳನ್ನು ಆ ಯಂತ್ರದಲ್ಲಿ ನೆಟ್‌ವರ್ಕನ್ನು ಯಾವುದು ನೋಡಿಕೊಳ್ಳುತ್ತಿದೆಯೋ ಅದರಲ್ಲಿಯೇ, ಅದು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಇರಲಿ, ನೆಟ್‌ಪ್ಲಾನ್ ಇರಲಿ, ನೆಟ್‌ವರ್ಕ್ ಮ್ಯಾನೇಜರ್ ಇರಲಿ, ಬರೆದಿಡಬೇಕು. ವಿಂಡೋಸಿನ 'ರೂಟ್ ಆಡ್' ಕಮಾಂಡಿಗೆ 'ಪಿ' ಎಂಬ ಆಯ್ಕೆಯನ್ನು ಕೊಟ್ಟರೆ ಮಾರ್ಗ ರಿಜಿಸ್ಟ್ರಿಯಲ್ಲಿ ಉಳಿಯುತ್ತದೆ. ಅಂಥದ್ದೊಂದು ಸೌಲಭ್ಯ ಇಲ್ಲಿ ಇಲ್ಲ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಪರೀಕ್ಷೆಗೆಂದು ಹಾಕಿದ ತಪ್ಪು ಮಾರ್ಗ ರೀಬೂಟಿನೊಂದಿಗೆ ತೊಲಗುತ್ತದೆ ಎಂಬ ಭರವಸೆ ದೂರದ ಯಂತ್ರಗಳ ನಿರ್ವಾಹಕರಿಗೆ ದೊಡ್ಡ ರಕ್ಷಣೆ.

ದೂರದಿಂದ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುವವರು ತಮ್ಮ ಸುರಕ್ಷತೆಯನ್ನು ತಾವೇ ನೋಡಿಕೊಳ್ಳಬೇಕು, ಏಕೆಂದರೆ 'ಐಪಿ ರೂಟ್ ಫ್ಲಶ್ ಟೇಬಲ್ ಮೇನ್' ಎಂದು ಟೈಪಿಸಿದರೂ ಸಾಧನ ನಿಜವಾಗಿಯೂ ಬೇಕೆ ಎಂದು ಕೇಳದೆ ಸಂಪರ್ಕವನ್ನು ಕಡಿದುಹಾಕುತ್ತದೆ. ಬದಲಾವಣೆಗೆ ಮುನ್ನ, ಐದು ನಿಮಿಷದ ಬಳಿಕ ಹಳೆಯ ಮಾರ್ಗವನ್ನು ಮರಳಿ ಹಾಕುವ ಕಮಾಂಡನ್ನು ಹಿನ್ನೆಲೆಯಲ್ಲಿ ಕಾಯಲು ಬಿಟ್ಟು, ಎಲ್ಲವೂ ಸರಿಯಾದ ಮೇಲೆ ಅದನ್ನು ರದ್ದುಪಡಿಸುವುದು ಹಳೆಯ ಮತ್ತು ನಂಬಲರ್ಹ ವಿಧಾನ. ಹಿನ್ನೆಲೆಯ ಆ ಕೆಲಸ ಎಸ್‌ಎಸ್‌ಎಚ್ ಕಡಿದರೂ ಬದುಕಿರುವಂತೆ 'ನೋಹಪ್' ಅಥವಾ ಟಿಮಕ್ಸ್ ಬಳಸಬೇಕು. ನಿಯಮಗಳನ್ನು ಕಲಿಯುವವರಿಗಂತೂ 'ಐಪಿ ನೆಟ್‌ಎನ್‌ಎಸ್' ವರದಾನ: ಅದೇ ಪ್ಯಾಕೇಜಿನ ಈ ಉಪಕಮಾಂಡಿನಿಂದ ನೆಟ್‌ವರ್ಕ್ ನೇಮ್‌ಸ್ಪೇಸ್‌ ಎಂಬ ಪರಸ್ಪರ ಬೇರ್ಪಟ್ಟ ಜಾಲಾವರಣಗಳನ್ನು ಸೃಷ್ಟಿಸಿ, ಅವುಗಳ ನಡುವೆ ಕಾಲ್ಪನಿಕ ಕೇಬಲ್ಲಿನಂಥ ವೆತ್ ಜೋಡಿಗಳನ್ನು ಹಾಕಿ, ಒಂದೇ ಯಂತ್ರದೊಳಗೆ ಎರಡು ಗೇಟ್‌ವೇಗಳ ಜಾಲವನ್ನು ಕಟ್ಟಿ, ನಿಜವಾದ ಸಂಪರ್ಕಕ್ಕೆ ಧಕ್ಕೆಯಾಗದಂತೆ ಎಲ್ಲವನ್ನೂ ಮಾಡಿ ನೋಡಬಹುದು.

ಐಪಿವಿ6ಕ್ಕೂ ಇದೇ ವ್ಯಾಕರಣ, 'ಐಪಿ' ಆದ ಮೇಲೆ '-6' ಸೇರಿಸಿದರಾಯಿತು. ಅಲ್ಲಿ ಮೆಟ್ರಿಕ್ ಹೇಳದಿದ್ದರೆ ಸೊನ್ನೆಯ ಬದಲು 1024 ಆಗುತ್ತದೆ ಎಂಬುದನ್ನೂ, ಗೇಟ್‌ವೇ ಹೆಚ್ಚಾಗಿ ಒಂದು ಸಂಪರ್ಕದೊಳಗೆ ಮಾತ್ರ ಸಲ್ಲುವ ಲಿಂಕ್-ಲೋಕಲ್ ವಿಳಾಸವಾಗಿರುವುದರಿಂದ ಇಂಟರ್ಫೇಸಿನ ಹೆಸರನ್ನು ಕೊಡಲೇಬೇಕು ಎಂಬುದನ್ನೂ ಗಮನದಲ್ಲಿಡಬೇಕು.

ಕೈಪಿಡಿಯ ಪುಟಗಳು ಪ್ರತಿಯೊಂದು ಪದವನ್ನೂ ವಿವರಿಸುತ್ತವೆ, ಆದರೆ ಉದಾಹರಣೆಗಳಲ್ಲಿ ಬಡವಾಗಿವೆ. ಎರಡು ಗೇಟ್‌ವೇಗಳ ಸರ್ವರಿನಂಥ ನಿತ್ಯದ ಸಮಸ್ಯೆಗೆ ಅಲ್ಲಿ ಒಂದು ಪೂರ್ಣ ನಿದರ್ಶನ ಇದ್ದಿದ್ದರೆ ಎಷ್ಟೋ ಮಂದಿಗೆ ಉಪಕಾರವಾಗುತ್ತಿತ್ತು. ಸ್ಕ್ರಿಪ್ಟ್ ಬರೆಯುವವರು ಸಾಲಿನಲ್ಲಿ ಎಷ್ಟನೆಯ ಪದ ಗೇಟ್‌ವೇ ಎಂದು ಎಣಿಸಿ ತೆಗೆಯುವ ಬದಲು '-ಜೆ' ಆಯ್ಕೆಯಿಂದ, ಪ್ರತಿ ಮೌಲ್ಯಕ್ಕೂ ಹೆಸರಿರುವ ಜೆಸಾನ್ ರೂಪದ ಉತ್ತರವನ್ನು ಪಡೆಯಬೇಕು, ಏಕೆಂದರೆ ಗೇಟ್‌ವೇ ಇಲ್ಲದ ಮಾರ್ಗವೊಂದು ಬಂದೊಡನೆ ಆ ಎಣಿಕೆ ತಪ್ಪುತ್ತದೆ. ಮಾರ್ಗಗಳು ತಾವಾಗಿಯೇ ಬದಲಾಗುತ್ತಿವೆ ಎಂಬ ಅನುಮಾನವಿದ್ದರೆ ಇನ್ನೊಂದು ಟರ್ಮಿನಲ್ಲಿನಲ್ಲಿ 'ಐಪಿ ಮಾನಿಟರ್ ರೂಟ್' ಅನ್ನು ಓಡಿಸಿ ಬಿಡಿ. ಯಾವ ಮಾರ್ಗ ಅಳಿಯಿತು, ಯಾವುದು ಬಂದಿತು, ಬಂದದ್ದರ 'ಪ್ರೋಟೋ' ಯಾವುದು ಎಂಬುದೆಲ್ಲ ಆಯಾ ಗಳಿಗೆಯಲ್ಲಿಯೇ ಅಲ್ಲಿ ಮುದ್ರಿತವಾಗುತ್ತದೆ.