ಡಿಪ್ ಡೈ ಬಾಟಲಿ: ಬಾಲಕ್ಕೆ ಸೈ, ಡಬ್ಬಿಗೆ ಬೇಡ

ಅಟ್ಲಾಂಟಾ ಪಕ್ಕದ ಲೇಕ್ ಲೇನಿಯರ್‌ನಲ್ಲಿ ಗಾಳ ಹಾಕುವವರಿಗೆ ಈ ಬಾಟಲಿಯ ಪರಿಚಯ ಹೇಳಬೇಕಾಗಿಲ್ಲ. ಗಾಳಕ್ಕೆ ಸಿಕ್ಕಿಸುವ ರಬ್ಬರ್ ಹುಳುವಿನ ಬಾಲವನ್ನು ಅದ್ದಿ ಬಣ್ಣ ಹಿಡಿಸುವ ದ್ರವ ಇದು. ಶಾರ್ಟ್‌ರೂಸ್ ಬಣ್ಣ, ಅಂದ್ರೆ ಕಣ್ಣಿಗೆ ಹೊಡೆಯುವ ಹಳದಿ-ಹಸಿರು. ಮುಚ್ಚಳ ತೆಗೆದರೆ ಗಮ್ಮೆನ್ನುವ ಬೆಳ್ಳುಳ್ಳಿ ವಾಸನೆ. ನಾನು ಪ್ಲಾಸ್ಟಿಸಾಲ್ (ಕಾಯಿಸಿದರೆ ಮೆತ್ತನೆ ರಬ್ಬರಿನಂತಾಗುವ ದ್ರವ ಪ್ಲಾಸ್ಟಿಕ್) ಕಾಯಿಸಿ, ಅಚ್ಚಿಗೆ ಸುರಿದು, ರಬ್ಬರ್ ಹುಳುಗಳನ್ನು ಗ್ಯಾರೇಜಿನಲ್ಲೇ ಮಾಡಿಕೊಳ್ಳುತ್ತೇನೆ. ಹಾಗಾಗಿ ಇದು ಮನೆಯಲ್ಲೇ ಹುಳು ಎರೆಯುವವರಿಗಾಗಿ ಬರೆದದ್ದು.

ಅದ್ದುವ ಕೆಲಸವೇ ನನಗೆ ಇದರಲ್ಲಿ ತುಂಬಾ ಇಷ್ಟ. ಹೊಸ ಹುಳುವಿನ ಮೈಮೇಲೆ ಎಣ್ಣೆಯ ಪಸೆ ಇರುತ್ತದೆ. ಮೊದಲು ಟಿಶ್ಯೂನಿಂದ ಬಾಲ ಒರೆಸಬೇಕು, ಇಲ್ಲದಿದ್ದರೆ ಬಣ್ಣ ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ತಲೆ ಹಿಡಿದು ಬಾಲದ ತುದಿ ಅರ್ಧ ಇಂಚು ಅದ್ದಿ ತಕ್ಷಣ ಎತ್ತಿದರೆ ಗೆರೆ ಎಳೆದ ಹಾಗೆ ಅಂಚು ಬರುತ್ತದೆ. ನಿಧಾನವಾಗಿ ಎತ್ತಿದರೆ ಗ್ರೀನ್ ಪಂಪ್ಕಿನ್, ಅಂದ್ರೆ ಕಂದು-ಹಸಿರು, ಮೈಯೊಳಗೆ ಹಳದಿ ಮೆಲ್ಲಗೆ ಕರಗುತ್ತದೆ. ಕೊನೆಯ ತೊಟ್ಟನ್ನು ಬಾಟಲಿಯ ಬಾಯಿಗೆ ಒರೆಸಿ, ಬಟ್ಟೆ ಕ್ಲಿಪ್ ಹಾಕಿ ದಾರಕ್ಕೆ ನೇತು ಹಾಕುತ್ತೇನೆ. ಸಾಲಾಗಿ ತೂಗುವ ಆ ಬಾಲಗಳನ್ನು ನೋಡೋದೇ ಒಂದು ಖುಷಿ. ಕೈಗವಸು ಮಾತ್ರ ಬೇಕೇ ಬೇಕು. ಬೆರಳಿಗೆ ಹತ್ತಿದ ಬಣ್ಣ ಸೋಪಿಗೆ ಜಗ್ಗುವುದಿಲ್ಲ.

ಕೆಲಸಕ್ಕೆ ಬರುತ್ತದಾ? ಬರುತ್ತದೆ. ಲೇನಿಯರ್‌ನ ಸ್ಪಾಟೆಡ್ ಬಾಸ್ ಮೀನು ಬೆನ್ನಟ್ಟುವ ಸಣ್ಣ ಮೀನುಗಳಲ್ಲಿ ಥ್ರೆಡ್‌ಫಿನ್ ಶ್ಯಾಡ್ ಕೂಡ ಒಂದು. ಅದರ ಬಾಲಕ್ಕೆ ಹಳದಿ ಛಾಯೆ ಇದೆ. ಜೋರು ಮಳೆಯಾಗಿ ಚೆಸ್ಟಟೀ ನದಿಯ ಕಡೆ ಜಾರ್ಜಿಯಾದ ಕೆಂಪು ಮಣ್ಣು ಕದಡಿದಾಗ, ಬರೀ ಕಂದು-ಹಸಿರು ಹುಳು ನೀರಲ್ಲಿ ಕಾಣಿಸುವುದೇ ಇಲ್ಲ. ಬಾಲ ಅದ್ದಿದ್ದನ್ನು ಮಾತ್ರ ಮೀನು ಕಚ್ಚಿದ ದಿನಗಳು ನನಗೆ ಬೇಕಾದಷ್ಟು ಸಿಕ್ಕಿವೆ.

ಆದರೆ ಅದ್ದಿದ ಹುಳುಗಳನ್ನು ಡಬ್ಬಿಯಲ್ಲಿ ಎತ್ತಿಟ್ಟರೆ ಕಥೆಯೇ ಬೇರೆ. ಹುಳು ಮೆತ್ತಗಿರೋದು ಅದರೊಳಗಿನ ಪ್ಲಾಸ್ಟಿಸೈಜರ್ ದ್ರವದಿಂದ. ಡೈ ಅದರಲ್ಲಿ ಸದ್ದಿಲ್ಲದೆ ಹರಡುತ್ತಾ ಹೋಗುತ್ತದೆ. ಕೆಲವು ವಾರ ಕಳೆದರೆ ಆ ಚೂಪು ಗೆರೆ ಮೇಲಕ್ಕೆ ಏರಿ ಮಸುಕಾಗಿರುತ್ತದೆ. ಪಕ್ಕದಲ್ಲಿದ್ದ ಬಿಳಿ ಹುಳುಗಳು ಕಾಮಾಲೆ ಬಂದವರಂತೆ ಹಳದಿಯಾಗಿರುತ್ತವೆ. ಬಾಟಲಿಯ ಮೇಲೆ ಇದರ ಬಗ್ಗೆ ಒಂದು ಸಾಲು ಹಾಕಬಹುದಿತ್ತು ಅಲ್ವಾ?

ನನ್ನಂಥವರಿಗೆ ಇನ್ನೊಂದು ತಲೆನೋವು ಇದೆ. ಹರಿದ ಹುಳುಗಳನ್ನು ನಾನು ಎಸೆಯುವುದಿಲ್ಲ, ಮತ್ತೆ ಕರಗಿಸಿ ಎರೆಯುತ್ತೇನೆ. ದುಡ್ಡು ಉಳಿಯೋದೇ ಅಲ್ಲಿ. ಅದ್ದಿದ ಬಾಲ ಒಂದೇ ಒಂದು ಸೇರಿದರೂ ಲೋಟವಿಡೀ ಬಣ್ಣ ಕೆಡುತ್ತದೆ. ಹಾಗಾಗಿ ಕರಗಿಸುವ ಮೊದಲು ಪ್ರತಿ ಬಾಲವನ್ನೂ ಕತ್ತರಿಸಿ ಬೇರೆ ಇಡುತ್ತೇನೆ.

ಜೊತೆಗೆ ತರಿಸಿದ ಡೈ ಪೆನ್ ಅಂತೂ ಬೇಡವೇ ಬೇಡ. ಕಣ್ಣಿಗೆ ಇಟ್ಟ ಕಪ್ಪು ಚುಕ್ಕೆಯ ಸುತ್ತ ನೇರಳೆ ಬಳೆ ಮೂಡುತ್ತದೆ. ಬೆನ್ನಿನ ಪಟ್ಟೆಗಳು ಒಂದಕ್ಕೊಂದು ಬೆರೆತು ಹೋಗುತ್ತವೆ. ಹಾಗಂತ ಉಗುರು ಬಣ್ಣಕ್ಕೆ ಕೈ ಹಾಕಬೇಡಿ, ಅದು ಅಂಟಂಟಾಗಿಯೇ ಉಳಿಯುತ್ತದೆ. ಅಕ್ರಿಲಿಕ್ ಪೇಂಟ್ ಹುಳು ಹಿಗ್ಗಿದಾಗ ಸಿಪ್ಪೆಯಾಗಿ ಏಳುತ್ತದೆ.

ಮೊದಲು ಬಾಲ, ಆಮೇಲೆ ಮೈ ಅಂತ ಎರಡು ಬಣ್ಣ ಸುರಿಯುವ ದಾರಿಯೂ ಇದೆ. ನೋಡಲು ಅದೇ ಚಂದ. ಆದರೆ ಎರಡನೇ ಬಣ್ಣ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ತಣ್ಣಗಾಗಿದ್ದರೆ ಬೆಸುಗೆ ಹಿಡಿಯದೆ ಬಾಲ ಕಿತ್ತು ಬರುತ್ತದೆ. ಜಾಸ್ತಿ ಕಾದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ರೆಸ್ಪಿರೇಟರ್ ಇಲ್ಲದೆ, ಗ್ಯಾರೇಜ್ ಬಾಗಿಲು ಮುಚ್ಚಿಕೊಂಡು ಈ ಕೆಲಸ ಮಾಡಲೇಬಾರದು. ಅಲ್ಲೂ ಪಿಗ್ಮೆಂಟ್ (ಕರಗದೆ ಇದ್ದಲ್ಲೇ ಉಳಿಯುವ ಬಣ್ಣದ ಪುಡಿ) ಬದಲು ಡೈ ಬಳಸಿದರೆ ಕೊನೆಗೆ ಬಣ್ಣ ಹರಡುತ್ತದೆ.

ಅದಕ್ಕೇ ಈಗ ಬಾಟಲಿಯನ್ನು ದಡಕ್ಕೇ ಒಯ್ಯುತ್ತೇನೆ, ಎರಡು ಜಿಪ್ ಚೀಲದೊಳಗೆ ಹಾಕಿ. ಮುಚ್ಚಳ ಸೋರುತ್ತದೆ, ಕಾರಿನ ಸೀಟು ನಿಮ್ಮದು. ಅವತ್ತಿಗೆ ಬೇಕಾದಷ್ಟೇ ಅದ್ದಿಕೊಳ್ಳಿ. ನೀರು ತಿಳಿಯಾಗಿದ್ದರೆ ಬಾಲದ ತುದಿ ಮುಟ್ಟಿಸಿದರೆ ಸಾಕು, ಕದಡಿದ್ದರೆ ಒಂದು ಇಂಚು ಅದ್ದಿ. ಪೆನ್ನಿಗೆ ಮತ್ತೆ ದುಡ್ಡು ಹಾಕುವುದಿಲ್ಲ. ಡಿಪ್ ಮಾತ್ರ ಇನ್ನೊಂದು ತರಿಸಿದ್ದೇನೆ. ಈ ಸಲ ಕಿತ್ತಳೆ ಬಣ್ಣ, ಕ್ರಾಫಿಶ್ (ಸೀಗಡಿಯಂಥ ಸಿಹಿನೀರಿನ ಜೀವಿ) ಆಕಾರದ ಹುಳುಗಳ ಕೊಂಡಿಗೆ.