ಹತ್ತು ಗಂಟೆ ಹೂವು ಮತ್ತು ಹಾವಸೆ: ಮೂರು ಮಳೆಗಾಲ ಕಂಡ ಮೇಲೆ

ಎರಡಕ್ಕೂ ರೊಕ್ಕ ಕೊಟ್ಟೆ. ಒಂದಕ್ಕೆ ಕೊಡಬಾರದಿತ್ತು.

ಧಾರವಾಡದ ಮಾಳಮಡ್ಡಿಯ ಹಳೇ ಮನೆ ನಮ್ಮದು. ಮುಂದೆ ಪೂರ್ವಕ್ಕೆ ಬೋಳು ನೆಲ. ಹಿತ್ತಲಲ್ಲಿ ಬಿಸಿಲೇ ತಾಗದ ಕಲ್ಲುಹಾಸು. ಎರಡೂ ಕಡೆ ಹಸಿರಿರಲಿ ಅನ್ನಿಸಿತು. ನರ್ಸರಿಯಿಂದ ಹತ್ತು ಗಂಟೆ ಹೂವಿನ ಆರು ಸಸಿ ತಂದೆ. ಆನ್‌ಲೈನಿನಲ್ಲಿ 350 ರೂಪಾಯಿಗೆ ಒಂದು ಪ್ಯಾಕೆಟ್ ಹಾವಸೆ ತರಿಸಿದೆ.

ಈ ಹೂವನ್ನು ಇಂಗ್ಲಿಷಿನಲ್ಲಿ ಮಾಸ್ ರೋಸ್ ಅಂತಾರೆ. ಮಾಸ್ ಅಂದರೆ ಹಾವಸೆ, ಆದರೆ ಇದು ಮಾಸೂ ಅಲ್ಲ, ರೋಸೂ ಅಲ್ಲ. ಪೋರ್ಚುಲಾಕಾ, ನಾವು ಪಲ್ಯ ಮಾಡುವ ಗೋಣಿ ಸೊಪ್ಪಿನ ದಾಯಾದಿ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ನಮ್ಮಂಥವರಿಗೆ ಇದಕ್ಕಿಂತ ಇನ್ನೇನು ಬೇಕು? ಬೆರಳುದ್ದದ ತುಂಡು ಮುರಿದು ಚುಚ್ಚಿದರೂ ಬೇರು ಬಿಡುತ್ತದೆ. ಆರು ಸಸಿ ಮೂರು ತಿಂಗಳಲ್ಲಿ ನೆಲ ಮುಚ್ಚಿದವು. ಏಪ್ರಿಲ್ ಬಿಸಿಲಿಗೆ ಉಳಿದ ಗಿಡಗಳೆಲ್ಲ ತಲೆ ಬಗ್ಗಿಸಿದಾಗ ಇದು ಮಾತ್ರ ರಾಣಿ ಬಣ್ಣದಲ್ಲಿ ಅರಳಿ ನಿಂತಿರುತ್ತದೆ. ಬೀಜದ ಕಾಯಿ ನೋಡಿ: ಸಣ್ಣ ಕರಡಿಗೆಯ ಹಾಗೆ ಮುಚ್ಚಳ ಕಳಚುತ್ತದೆ, ಒಳಗೆ ಗಸಗಸೆಗಿಂತ ಸಣ್ಣ ಹೊಳೆಯುವ ಕಾಳು.

ತೊಂದರೆ ಜುಲೈನಲ್ಲಿ. ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಮೊಗ್ಗು ಬಾಯಿ ಬಿಡುವುದಿಲ್ಲ. ನಮ್ಮದು ಎರೆಮಣ್ಣು, ನೀರು ಬಿಡುವುದಿಲ್ಲ. ಮೊದಲ ವರ್ಷ ಅರ್ಧ ಗಿಡ ಕೊಳೆತು ಹೋದವು. ಮರಳು ಬೆರೆಸಿ ಏರು ಮಾಡಿದ ಮೇಲೆ ಪರವಾಗಿಲ್ಲ. ಜೇಕು ಮಾತ್ರ ಇನ್ನೂ ನಡುವೆ ತಲೆ ಎತ್ತುತ್ತದೆ, ಕೈಯಿಂದಲೇ ಕೀಳಬೇಕು.

ಇನ್ನು ಪ್ಯಾಕೆಟ್ ಹಾವಸೆ. ಹಪ್ಪಳದ ಹಾಗೆ ಚಪ್ಪಟೆಯಾಗಿ ಬಂತು. ಮಜ್ಜಿಗೆ ಬಳಿದರೆ ಹಬ್ಬುತ್ತದೆ ಅಂತ ಯಾರೋ ಹೇಳಿದ್ದರು. ಬಳಿದೆ. ಇರುವೆ ಬಂದವು, ವಾಸನೆಯೂ ಬಂತು, ಹಾವಸೆ ಬರಲಿಲ್ಲ. ಬೋರ್‌ವೆಲ್ ನೀರು ಸಿಂಪಡಿಸಿದ್ದಕ್ಕೆ ಮೇಲೆಲ್ಲ ಬಿಳಿ ಉಪ್ಪು ಕೂತಿತು. ಮಾರ್ಚ್‌ನಲ್ಲಿ ಅವ್ವ ಕಸಬರಿಗೆಯಿಂದ ಬಳಿದು ಚೆಲ್ಲಿದಳು. "ಇದಕ್ಯಾಕ ರೊಕ್ಕ ಕೊಟ್ಟಿ? ನಮ್ಮ ಗ್ವಾಡಿ ಮ್ಯಾಲೆ ಬೇಕಾದಷ್ಟೈತಿ ಹಾವಸಿ!"

ಅವ್ವ ಹೇಳಿದ್ದೇ ಸರಿ. ಮುಂದಿನ ಜೂನ್‌ನಲ್ಲಿ ಕಲ್ಲುಹಾಸಿನ ಸಂದಿಯಲ್ಲಿ ಅದೇ ಗೋಡೆ ಹಾವಸೆ ತಾನಾಗಿ ಬಂತು. ಇದಕ್ಕೆ ನಿಜವಾದ ಬೇರಿಲ್ಲ, ಎಲೆಯಿಂದಲೇ ನೀರು ಕುಡಿಯುತ್ತದೆ. ಹೂವೂ ಇಲ್ಲ, ಕೂದಲೆಳೆಯಂಥ ಕಡ್ಡಿಯ ತುದಿಗೆ ಬೀಜಕದ ಪುಟ್ಟ ಗುಂಡಿ ಅಷ್ಟೇ. ಬೇಸಿಗೆಯಲ್ಲಿ ಸತ್ತ ಹಾಗೆ ಕಪ್ಪಗಾಗಿ ಗರಿಗರಿ ಅನ್ನುತ್ತದೆ. ಒಮ್ಮೆ ಅದರ ಮೇಲೆ ಒಂದು ಲೋಟ ಮಳೆನೀರು ಹಾಕಿ ಚಹಾ ಕುಡಿಯುತ್ತ ಕೂತೆ. ಕಪ್ ಖಾಲಿಯಾಗುವಷ್ಟರಲ್ಲಿ ಹಸಿರು! ಆದರೆ ಓಡಾಡುವ ಕಡೆ ಬೇಡ. ಮಾವ ಜಾರಿ ಬಿದ್ದ ಮೇಲೆ ಬಚ್ಚಲ ದಾರಿಯದ್ದನ್ನು ಬ್ರಷ್ ಹಾಕಿ ತಿಕ್ಕಿ ತೆಗೆದೆ.

ಹೂವಿಗೆ ನಾಲ್ಕು ಸ್ಟಾರ್, ಪ್ಯಾಕೆಟ್‌ಗೆ ಒಂದು. ಗೋಡೆಯದ್ದಕ್ಕೆ ಐದು ಕೊಡಬಹುದು, ಮಾರುವವರೇ ಇಲ್ಲ. ಹೂವಿನ ತುಂಡು ಕೇಳಿ ಓಣಿಯವರು ಬರುತ್ತಿರುತ್ತಾರೆ. ಹತ್ತರ ಮೇಲೆ ಬನ್ನಿ ಅನ್ನುತ್ತೇನೆ. ಅದಕ್ಕೂ ಮೊದಲು ಬಂದರೆ ಯಾವುದು ಕೆಂಪು, ಯಾವುದು ಹಳದಿ ಅಂತ ನನಗೂ ಗೊತ್ತಾಗುವುದಿಲ್ಲ.