ತೀರ್ಥನ್ ಅಥವಾ ಲಿಡ್ಡರ್: ಬೇಸಿಗೆಯ ಟ್ರೌಟ್‌ಗೆ ಯಾವ ಹೊಳೆ?

ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಫ್ಲೈ (ಹುಳದಂತೆ ಕಟ್ಟಿದ ಕೃತಕ ಗಾಳ) ಬೀಸಿ ಹಿಡಿಯಲು ಹೊರಟರೆ, ನಿಮ್ಮ ರಜೆ ಯಾವ ತಿಂಗಳು ಎಂಬುದೇ ಮುಕ್ಕಾಲು ತೀರ್ಮಾನ. ಏಪ್ರಿಲ್, ಮೇ ಆದರೆ ಹಿಮಾಚಲದ ತೀರ್ಥನ್. ಜುಲೈನಲ್ಲಿ ಮಳೆ ಹಿಡಿದು ನೀರು ಕದಡಿದರೆ ಟ್ರೌಟ್‌ಗೆ ಗಾಳವೇ ಕಾಣದು. ಕಾಶ್ಮೀರದ ಲಿಡ್ಡರ್ ಇದಕ್ಕೆ ತದ್ವಿರುದ್ಧ: ಮೇ-ಜೂನ್‌ನಲ್ಲಿ ಹಿಮ ಕರಗಿ ಉಕ್ಕುತ್ತದೆ, ಸೆಪ್ಟೆಂಬರ್ ಹೊತ್ತಿಗೆ ತಿಳಿಯಾಗುತ್ತದೆ. ಆಗಲೂ ಬಿಸಿಲೇರಿದರೆ ಕೊಲಹೋಯಿ ಹಿಮನದಿಯ ಕರಗುನೀರು ಮಧ್ಯಾಹ್ನ ಬಂದು ಸೇರುತ್ತದೆ. ಬೆಳಗಿನ ಹೊತ್ತನ್ನೇ ನಂಬಿ.

ತೀರ್ಥನ್ ದಡದಲ್ಲಿ ಮರಗಳು ಒತ್ತಿಕೊಂಡಿವೆ, ದಾರವನ್ನು ಹಿಂದಕ್ಕೆ ಬೀಸಲು ಜಾಗವಿಲ್ಲ. 8 ಅಡಿಯ 4-ವೇಟ್ ರಾಡ್ (ವೇಟ್ ಎಂದರೆ ರಾಡ್ ಎಸೆಯುವ ದಾರದ ತೂಕದ ನಂಬರ್) ಸಾಕು, ಆದರೆ ದಾರವನ್ನು ಹಿಂದಕ್ಕೆ ಬೀಸದೆ ಮುಂದಕ್ಕೆ ಸುರುಳಿಯಾಗಿ ಎಸೆಯುವ ರೋಲ್ ಕಾಸ್ಟ್ ಬರಲೇಬೇಕು. ಲಿಡ್ಡರ್‌ನ ಅಗಲಕ್ಕೆ 9 ಅಡಿ, 5-ವೇಟ್. ಎರಡಕ್ಕೂ 5ಎಕ್ಸ್ ದಪ್ಪದ ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ), 12ರಿಂದ 16ನೇ ನಂಬರಿನ ನಿಂಫ್ (ನೀರಿನೊಳಗೆ ಮುಳುಗುವ ಫ್ಲೈ). ಅದಕ್ಕೆ ಟಂಗ್‌ಸ್ಟನ್ ಮಣಿ ಇರಲಿ: ಹಗುರದ್ದು ಸೆಳವಿಗೆ ಸಿಕ್ಕಿ ತಳದ ಮೀನಿನ ತಲೆಯ ಮೇಲೇ ಹಾದುಹೋಗುತ್ತದೆ. ಹೊಸಬರು ಬರಿಗೈಲಿ ಮರಳುವುದು ಹೆಚ್ಚಾಗಿ ಇದರಿಂದಲೇ, ಫ್ಲೈಯ ಬಣ್ಣದಿಂದಲ್ಲ.

ಪರವಾನಗಿ ಎರಡೂ ಕಡೆ ಮೀನುಗಾರಿಕೆ ಇಲಾಖೆಯದು. ಲಿಡ್ಡರ್‌ನಲ್ಲಿ ಅದು ಬೀಟ್‌ಗೆ (ಹೊಳೆಯ ಗೊತ್ತುಮಾಡಿದ ಒಂದು ಭಾಗಕ್ಕೆ), ದಿನಕ್ಕೆ ಇಷ್ಟೆಂದು ಸಿಗುತ್ತದೆ; ಹಾಗಾಗಿ ರೂಮಿಗಿಂತ ಮೊದಲು ಬೀಟ್ ಬುಕ್ ಮಾಡಿ. ತೀರ್ಥನ್‌ಗೆ ದೆಹಲಿ-ಮನಾಲಿ ಬಸ್ಸಿನಲ್ಲಿ ಹೋಗುವವರು ಔಟ್ (Aut) ಎಂಬ ಊರಿನಲ್ಲೇ ಇಳಿಯಬೇಕು.